ಅಮೆರಿಕದಲ್ಲಿ ಓದಿದ ಜಯಪ್ರಕಾಶ ನಾರಾಯಣರು

ಜಯಪ್ರಕಾಶ ನಾರಾಯಣ ಎಂದ ಕೂಡಲೇ ನಮ್ಮೂರಿನ ಹಿರಿಯರಿಗೆ ನೆನಪಾಗುವುದು ತುರ್ತು ಪರಿಸ್ಥಿತಿ. ನಮ್ಮ ಪ್ರೌಢಶಾಲೆ ಆರಂಭವಾದ ಆಸುಪಾಸಿನ ವರ್ಷಗಳಲ್ಲಿ ಅವರ ಹೆಸರು ಎಲ್ಲರ ಬಾಯಲ್ಲೂ ಇತ್ತು. ನನ್ನ ವಯಸ್ಸಿನವರಿಗೆ ಅವರು ಸಮಾಜ ವಿಜ್ಞಾನ ಪಠ್ಯದ ಒಂದೆರಡು ಸಾಲು. ಬೆಂಗಳೂರು ಸೇರಿದ ಹುಡುಗರಿಗಂತೂ ಜೆ.ಪಿ. ನಗರ ಎಂದರೆ ಬಸ್ಸಿನ ಬೋರ್ಡು, ಮನೆ ಬಾಡಿಗೆ ದುಬಾರಿಯಾದ ಒಂದು ಬಡಾವಣೆ. ಆ ಜೆ.ಪಿ. ಇವರೇ ಎಂದು ಹೇಳಿದರೆ ಹೌದಾ ಎಂದು ಕೇಳುವವರೇ ಹೆಚ್ಚು. ಅವರ ರಾಜಕೀಯದ ಬಗ್ಗೆ ಬಲ್ಲವರು ಬರೆದಿದ್ದಾರೆ. ಈಗ ನಮ್ಮೂರಿನಿಂದಲೂ ಮಕ್ಕಳು ಪರದೇಶಕ್ಕೆ ಓದಲು ಹೋಗುತ್ತಿರುವುದರಿಂದ, ನೂರು ವರ್ಷದ ಹಿಂದೆ ಹಳ್ಳಿಯ ಹುಡುಗನೊಬ್ಬ ಅಮೆರಿಕಕ್ಕೆ ಹೋಗಿ ಪದವಿ ಪಡೆದ ಕಥೆಯನ್ನಷ್ಟೇ ಇಲ್ಲಿ ಹೇಳುತ್ತೇನೆ.

ಜಯಪ್ರಕಾಶರು ಹುಟ್ಟಿದ್ದು 1902ರ ಅಕ್ಟೋಬರ್ 11ರಂದು, ಗಂಗಾ ಮತ್ತು ಘಾಘ್ರಾ ನದಿಗಳು ಕೂಡುವೆಡೆಯಲ್ಲಿರುವ ಸಿತಾಬ್‌ದಿಯಾರಾ ಎಂಬ ಹಳ್ಳಿಯಲ್ಲಿ. ವರ್ಷವರ್ಷವೂ ನೆರೆ ಬಂದು ನೆಲವನ್ನೇ ಕೊಚ್ಚಿಕೊಂಡು ಹೋಗುವ ಊರು ಅದು. ತಂದೆ ಹರ್ಸು ದಯಾಳರು ಸರ್ಕಾರದ ನಾಲೆ ಇಲಾಖೆಯಲ್ಲಿ ಸಣ್ಣ ಅಧಿಕಾರಿ. ಹುಡುಗ ಒಂಬತ್ತನೇ ವಯಸ್ಸಿಗೇ ಓದಿಗಾಗಿ ಪಟ್ನಾ ಸೇರಿದ. 1920ರಲ್ಲಿ, ಹದಿನೆಂಟರ ಆಸುಪಾಸಿನಲ್ಲಿ, ಪ್ರಭಾವತಿಯವರೊಡನೆ ಮದುವೆಯಾಯಿತು. ಆಕೆಗೆ ಹದಿನಾಲ್ಕು. ಆಕೆಯ ತಂದೆ ಬ್ರಜಕಿಶೋರ ಪ್ರಸಾದರು ಚಂಪಾರಣ್ಯದಲ್ಲಿ ಗಾಂಧೀಜಿಯವರ ಜೊತೆ ನಿಂತ ವಕೀಲರು.

1921ರ ಜನವರಿಯಲ್ಲಿ ಪಟ್ನಾಕ್ಕೆ ಬಂದ ಮೌಲಾನಾ ಆಜಾದರು ಸರ್ಕಾರಿ ಶಿಕ್ಷಣವನ್ನು ಬಿಡಿ ಎಂದು ಕರೆ ಕೊಟ್ಟರು. ಪರೀಕ್ಷೆಗೆ ಉಳಿದಿದ್ದದ್ದು ಸುಮಾರು ಇಪ್ಪತ್ತು ದಿನ. ವಿಜ್ಞಾನದಲ್ಲಿ ಜಾಣನಾಗಿದ್ದ ಜಯಪ್ರಕಾಶರು ಪುಸ್ತಕ ಮಡಚಿಟ್ಟು ಕಾಲೇಜಿನಿಂದ ಹೊರಬಂದರು. ಇದನ್ನು ಓದುವ ತಂದೆತಾಯಂದಿರ ಎದೆ ಧಸಕ್ಕೆನ್ನಬಹುದು. ನನಗೂ ಇದು ಪೂರ್ತಿ ಸರಿ ಎನಿಸುವುದಿಲ್ಲ. ಆದರೆ ಅವರು ಓದನ್ನು ಬಿಟ್ಟಿರಲಿಲ್ಲ, ಸರ್ಕಾರದ ಕಾಲೇಜನ್ನು ಬಿಟ್ಟಿದ್ದರು. ಬಾಬು ರಾಜೇಂದ್ರ ಪ್ರಸಾದರು ಮುಂದೆ ನಿಂತು ಕಟ್ಟಿದ ಬಿಹಾರ ವಿದ್ಯಾಪೀಠ ಸೇರಿ ಇಂಟರ್‌ಮೀಡಿಯೆಟ್ ಮುಗಿಸಿದರು. ಅಲ್ಲಿ ಅದರಾಚೆಗೆ ವಿಜ್ಞಾನ ಕಲಿಸುವ ಅನುಕೂಲವಿರಲಿಲ್ಲ. ಕಾಶಿಯ ವಿಶ್ವವಿದ್ಯಾಲಯ ಹತ್ತಿರವೇ ಇತ್ತು, ಆದರೆ ಅದಕ್ಕೂ ಸರ್ಕಾರದ ಹಣ ಬರುತ್ತಿತ್ತು. ಇಂಗ್ಲೆಂಡಿನ ಮಾತಂತೂ ದೂರವೇ. ಅಮೆರಿಕದಲ್ಲಿ ಕೂಲಿ ಮಾಡಿಕೊಂಡು ಓದಬಹುದು ಎಂಬುದು, ಅಲ್ಲಿ ಹಾಗೆ ಓದಿ ಬಂದಿದ್ದ ಸ್ವಾಮಿ ಸತ್ಯದೇವರಂಥವರಿಂದ ಹಿಂದಿ ನಾಡಿನ ಹುಡುಗರ ಕಿವಿಗೆ ಬಿದ್ದಿತ್ತು. ಜಯಪ್ರಕಾಶರು ಅದನ್ನೇ ನೆಚ್ಚಿಕೊಂಡರು.

ತಾಯಿ ಫೂಲ್‌ರಾಣಿಯವರಿಗೆ ಮಗ ಸಮುದ್ರ ದಾಟುವುದು ಸಂಕಟದ ಸಂಗತಿ. ಹೆಂಡತಿಯನ್ನು ಕರೆದೊಯ್ಯುವ ಮಾತೇ ಇರಲಿಲ್ಲ. ಪ್ರಭಾವತಿಯವರು ಸಾಬರಮತಿ ಆಶ್ರಮದಲ್ಲಿ ಕಸ್ತೂರಬಾ ಮತ್ತು ಗಾಂಧೀಜಿಯವರ ಮಗಳಂತೆ ಉಳಿದರು. 1922ರಲ್ಲಿ ಕಲ್ಕತ್ತೆಯಿಂದ ಸರಕು ಹಡಗೊಂದರಲ್ಲಿ ಹೊರಟ ಜಯಪ್ರಕಾಶರು ಜಪಾನಿನ ಮೂಲಕ ಅಕ್ಟೋಬರ್ ಹೊತ್ತಿಗೆ ಕ್ಯಾಲಿಫೋರ್ನಿಯಾ ಮುಟ್ಟಿದರು. ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗಬೇಕಾದರೆ ಜನವರಿವರೆಗೆ ಕಾಯಬೇಕು. ಕಾಯುವವರೆಗೆ ಹೊಟ್ಟೆ ಕೇಳಬೇಕಲ್ಲ!

ಉತ್ತರ ಕ್ಯಾಲಿಫೋರ್ನಿಯಾದ ಬಯಲಿನಲ್ಲಿ ಆಗಲೇ ಪಂಜಾಬಿನ ರೈತರು ನೆಲೆಸಿದ್ದರು. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ನಮ್ಮ ದೇಶದವರದೇ ಕೂಲಿ ಗುಂಪುಗಳು ದುಡಿಯುತ್ತಿದ್ದವು. ಜಯಪ್ರಕಾಶರು ಅಂಥ ಗುಂಪಿಗೆ ಸೇರಿದರು. ದ್ರಾಕ್ಷಿ ಕೀಳುವುದು, ಬಿಸಿಲಿಗೆ ಹರಡಿ ಒಣಗಿಸುವುದು, ಹಣ್ಣು ಆರಿಸಿ ಪೆಟ್ಟಿಗೆಗೆ ತುಂಬುವುದು ಅವರ ಕೆಲಸ. ಮುಂದಿನ ವರ್ಷಗಳಲ್ಲಿ ಹೋಟೆಲಿನಲ್ಲಿ ತಟ್ಟೆ ತೊಳೆದರು, ಬಡಿಸುವ ಕೆಲಸ ಮಾಡಿದರು, ಗ್ಯಾರೇಜು ಕಾರ್ಖಾನೆಗಳಲ್ಲಿ ದುಡಿದರು. ರಜೆಯಲ್ಲಿ ದುಡಿದದ್ದು ಓದುವ ತಿಂಗಳುಗಳಿಗೆ. ನಮ್ಮಲ್ಲಿ ಸುಗ್ಗಿಯ ಕೂಲಿಯನ್ನು ಮಳೆಗಾಲಕ್ಕೆ ಎತ್ತಿಡುವ ಲೆಕ್ಕವೇ.

ಆ ಕಾಲದ ಅಮೆರಿಕ ಏಷ್ಯಾದವರನ್ನು ಕೈಬೀಸಿ ಕರೆಯುತ್ತಿರಲಿಲ್ಲ. 1917ರ ಕಾಯ್ದೆ ಭಾರತೀಯ ಕೂಲಿಕಾರರಿಗೆ ಬಾಗಿಲು ಮುಚ್ಚಿ, ವಿದ್ಯಾರ್ಥಿಗಳಂಥ ಕೆಲವರಿಗೆ ಮಾತ್ರ ಕಿಂಡಿ ಬಿಟ್ಟಿತ್ತು. ಅವರು ಹೋದ ಮರುವರ್ಷವೇ, 1923ರಲ್ಲಿ, ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಆ ದೇಶದ ಪೌರರಾಗಲು ಅರ್ಹರಲ್ಲ ಎಂದು ತೀರ್ಪು ಕೊಟ್ಟಿತು. ತೋಟದಲ್ಲಿ ಜೊತೆಗೆ ದುಡಿದವರ ಬದುಕು ಒಂದೇ ತೀರ್ಪಿನಿಂದ ಅತಂತ್ರವಾಯಿತು.

ಬರ್ಕ್‌ಲಿಯಲ್ಲಿ ಹೆಚ್ಚು ದಿನ ಉಳಿಯಲಾಗಲಿಲ್ಲ. ಶುಲ್ಕ ಏರಿಸಿದರು, ಕಟ್ಟಲು ಹಣವಿಲ್ಲ. ಶುಲ್ಕ ಕಡಿಮೆಯಿದ್ದ ಅಯೋವಾ ರಾಜ್ಯದ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿಂದ ವಿಸ್ಕಾನ್ಸಿನ್, ಕೊನೆಗೆ ಓಹಿಯೋ. ನಮ್ಮಲ್ಲಿ ಹೀಗೆ ಕಾಲೇಜು ಬದಲಿಸಿದರೆ ಮತ್ತೆ ಮೊದಲ ವರ್ಷದಿಂದ ಕೂರಬೇಕಾಗುತ್ತಿತ್ತು. ಅಮೆರಿಕದಲ್ಲಿ ಪಾಸಾದ ಪ್ರತಿ ವಿಷಯಕ್ಕೂ ಕ್ರೆಡಿಟ್ ಲೆಕ್ಕವಿದೆ, ಮುಂದಿನ ವಿಶ್ವವಿದ್ಯಾಲಯ ಒಪ್ಪಿದರೆ ಅದು ನಮ್ಮ ಜೊತೆಗೇ ಬರುತ್ತದೆ. ವಿಷಯವನ್ನೂ ನಡುವೆ ಬದಲಿಸಬಹುದು. ಈ ಏರ್ಪಾಟು ಇಲ್ಲದಿದ್ದರೆ ಜಯಪ್ರಕಾಶರಂಥ ಬಡ ವಿದ್ಯಾರ್ಥಿ ಪದವಿ ಮುಗಿಸುತ್ತಿದ್ದದ್ದು ಅನುಮಾನ ಎಂದೇ ನನ್ನ ಅಭಿಪ್ರಾಯ.

ವಿಷಯವನ್ನು ಅವರು ಬದಲಿಸಿಯೂ ಬಿಟ್ಟರು. ರಸಾಯನಶಾಸ್ತ್ರ ಕಲಿಯಲು ಹೋದವರು ವಿಸ್ಕಾನ್ಸಿನ್‌ನಲ್ಲಿ ಕಮ್ಯುನಿಸ್ಟ್ ಗೆಳೆಯರ ಒಡನಾಟಕ್ಕೆ ಬಿದ್ದು ಮಾರ್ಕ್ಸ್‌ನನ್ನು ಓದಿದರು, ಎಂ.ಎನ್. ರಾಯ್ ಅವರ ಬರಹಗಳನ್ನು ಓದಿದರು. ತೋಟದ ಕೂಲಿ, ಕಾರ್ಖಾನೆಯ ಪಾಳಿ ಎಲ್ಲಕ್ಕೂ ಈಗ ಪುಸ್ತಕದಲ್ಲಿ ಅರ್ಥ ಸಿಗತೊಡಗಿತು. ರಷ್ಯಾಕ್ಕೇ ಹೋಗಿ ಓದುವ ಮನಸ್ಸಾಗಿತ್ತು. ಅದೇ ದಿನಗಳಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಮಲಗಿದರು. ಸಾಲ ಬೆಳೆಯಿತು. ಕೊನೆಗೆ ಸಿತಾಬ್‌ದಿಯಾರಾದಿಂದ ತಂದೆಯೇ ಹಣ ಹೊಂದಿಸಿ ಕಳಿಸಬೇಕಾಯಿತು. ಸ್ವಂತ ಕಾಲ ಮೇಲೆ ನಿಂತು ಓದಿದರು ಎಂದು ಭಾಷಣಗಳಲ್ಲಿ ಹೇಳುವಾಗ ಈ ಭಾಗವನ್ನು ಬಿಟ್ಟುಬಿಡುತ್ತಾರೆ. ನಾಲೆ ಇಲಾಖೆಯ ಆ ಸಣ್ಣ ಅಧಿಕಾರಿಯನ್ನು ಬಿಡಬಾರದು.

ರಷ್ಯಾ ಪ್ರಯಾಣ ಕೈಬಿಟ್ಟಿತು. ವಿಜ್ಞಾನ ತೊರೆದು ಸಮಾಜಶಾಸ್ತ್ರ ಹಿಡಿದ ಜಯಪ್ರಕಾಶರು ಓಹಿಯೋ ರಾಜ್ಯ ವಿಶ್ವವಿದ್ಯಾಲಯದಲ್ಲಿ ಬಿ.ಎ. ಮುಗಿಸಿದರು. 1929ರಲ್ಲಿ ಅಲ್ಲೇ ಎಂ.ಎ. ಪದವಿಗೆ ಸಮಾಜದಲ್ಲಿ ಸಂಸ್ಕೃತಿ ಹೇಗೆ ಬದಲಾಗುತ್ತದೆ ಎಂಬ ಬಗ್ಗೆ ಪ್ರಬಂಧ ಬರೆದರು. ಪಿಎಚ್‌.ಡಿ. ಮಾಡುವ ಆಸೆಯಿತ್ತು. ಅಷ್ಟರಲ್ಲಿ ತಾಯಿಯ ಕಾಯಿಲೆಯ ಸುದ್ದಿ ಬಂತು. ಓದು ನಿಲ್ಲಿಸಿ, 1929ರ ಕೊನೆಗೆ ಊರಿಗೆ ಮರಳಿದರು.

ಏಳು ವರ್ಷ! ಈ ನಡುವೆ ಒಮ್ಮೆಯೂ ಊರಿಗೆ ಬಂದಿರಲಿಲ್ಲ. ವೀಡಿಯೊ ಕಾಲ್ ಇರುವ ನಮಗೆ ಇದು ಊಹೆಗೂ ಕಷ್ಟ. ಹಡಗಿನ ಟಪಾಲಿನಲ್ಲಿ ಹೋದ ಪತ್ರಕ್ಕೆ ಉತ್ತರ ಕಾಣಲು ತಿಂಗಳುಗಳೇ ಬೇಕು. ಹದಿನಾರರ ಹುಡುಗಿಯಾಗಿ ಗಂಡನನ್ನು ಬೀಳ್ಕೊಟ್ಟ ಪ್ರಭಾವತಿಯವರಿಗೆ ಈಗ ಇಪ್ಪತ್ತಮೂರು. ಆಶ್ರಮದಲ್ಲಿ ಆಕೆ ಬ್ರಹ್ಮಚರ್ಯ ವ್ರತ ತೊಟ್ಟಿದ್ದರು. ಗಂಡ ಮಾರ್ಕ್ಸ್‌ವಾದಿಯಾಗಿ ಬಂದಿದ್ದರು, ಹೆಂಡತಿ ಗಾಂಧಿಯ ಹಾದಿಯಲ್ಲಿ ಬಹುದೂರ ನಡೆದಿದ್ದರು. ಜಯಪ್ರಕಾಶರು ಆಕೆಯ ವ್ರತವನ್ನು ಗೌರವಿಸಿದರು. ಇಬ್ಬರೂ ಬೇರೆಯಾಗಲಿಲ್ಲ, ಮಕ್ಕಳಾಗಲಿಲ್ಲ. ಪರದೇಶದ ಪದವಿಗೆ ತೆತ್ತ ಬೆಲೆಯನ್ನು ಡಾಲರಿನಲ್ಲಿ ಮಾತ್ರ ಎಣಿಸುವವರು ಈ ಏಳು ವರ್ಷವನ್ನೂ ಎಣಿಸಬೇಕು.

ಇಂದು ಎಫ್-1 ವೀಸಾದಲ್ಲಿ ಹೋಗುವ ವಿದ್ಯಾರ್ಥಿ ಓದುವ ತಿಂಗಳುಗಳಲ್ಲಿ ವಾರಕ್ಕೆ ಇಪ್ಪತ್ತು ಗಂಟೆಯವರೆಗೆ, ಅದೂ ವಿಶ್ವವಿದ್ಯಾಲಯದ ಆವರಣದಲ್ಲಿ ಮಾತ್ರ ದುಡಿಯಬಹುದು. ಮೊದಲ ವರ್ಷದ ಖರ್ಚಿಗೆ ಹಣವಿದೆ ಎಂದು ಹೊರಡುವ ಮೊದಲೇ ತೋರಿಸಬೇಕು. ಆದ್ದರಿಂದ ಜಯಪ್ರಕಾಶರ ಹಾಗೆ ತೋಟದ ಕೂಲಿ ನಂಬಿ ಹೊರಡುವಂತಿಲ್ಲ. ಪಿಯುಸಿ ಮುಗಿಸಿ ನೇರವಾಗಿ ಅಲ್ಲಿ ಪದವಿಗೆ ಸೇರಬೇಕೆನ್ನುವ ನಮ್ಮ ಶಾಲೆಯ ಮಕ್ಕಳು ನಾಲ್ಕೂ ವರ್ಷದ ಲೆಕ್ಕ ಹಾಕಿ, ವಿದ್ಯಾರ್ಥಿವೇತನ ಗಟ್ಟಿಯಾದ ಮೇಲೆಯೇ ಮನೆಯ ಪಹಣಿಗೆ ಕೈ ಹಾಕಬೇಕು.

ಮುಂದಿನದು ಎಲ್ಲರಿಗೂ ಗೊತ್ತಿರುವ ಚರಿತ್ರೆ. ನೆಹರೂ ಅವರು ಕಾಂಗ್ರೆಸ್ಸಿನ ಕಾರ್ಮಿಕ ವಿಭಾಗಕ್ಕೆ ಕರೆದರು. ನಾಸಿಕ್ ಜೈಲಿನ ಗೆಳೆಯರೊಡನೆ ಚಿಗುರಿದ ವಿಚಾರ 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷವಾಯಿತು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರೂ ಅದರ ಮುಂದಾಳುಗಳಲ್ಲೊಬ್ಬರು. ನಮ್ಮ ಶಾಂತವೇರಿ ಗೋಪಾಲಗೌಡರು 1952ರಲ್ಲಿ ವಿಧಾನಸಭೆಗೆ ಗೆದ್ದು ಬಂದದ್ದೂ ಜಯಪ್ರಕಾಶರು ಕಟ್ಟಿದ ಸಮಾಜವಾದಿ ಪಕ್ಷದಿಂದಲೇ. 1942ರ ದೀಪಾವಳಿಯ ರಾತ್ರಿ ಹಜಾರಿಬಾಗ್ ಜೈಲಿನ ಗೋಡೆ ಹಾರಿದ್ದು, ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದಿಂದ ದೂರ ನಿಂತು ಭೂದಾನಕ್ಕೆ ಬದುಕು ಕೊಟ್ಟದ್ದು, 1974ರಲ್ಲಿ ಬಿಹಾರದ ವಿದ್ಯಾರ್ಥಿಗಳ ಮುಂದೆ ನಿಂತದ್ದು, ಮರುವರ್ಷ ಸೆರೆಯಲ್ಲಿ ಮೂತ್ರಪಿಂಡ ಕಳೆದುಕೊಂಡದ್ದು, ಒಂದೊಂದೂ ಬೇರೆ ಬೇರೆ ಲೇಖನಕ್ಕಾಗುವಷ್ಟಿದೆ.

ಪ್ರಭಾವತಿಯವರು 1973ರ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಜಯಪ್ರಕಾಶರು ಆರು ವರ್ಷ ಉಳಿದರು. 1979ರ ಅಕ್ಟೋಬರ್ 8ರಂದು, ಎಪ್ಪತ್ತೇಳು ತುಂಬಲು ಮೂರು ದಿನವಿದ್ದಾಗ, ಪಟ್ನಾದ ಕದಂಕುವಾದಲ್ಲಿ ಹೆಂಡತಿ ಕಟ್ಟಿ ಬೆಳೆಸಿದ ಮಹಿಳಾ ಚರಖಾ ಸಮಿತಿಯ ಮನೆಯಲ್ಲೇ ಕೊನೆಯುಸಿರೆಳೆದರು.