ಶ್ರೀ ಮುತ್ತುಸ್ವಾಮಿ ದೀಕ್ಷಿತರು

ನವರಾತ್ರಿಯ ಇರುಳುಗಳಲ್ಲಿ ಕಮಲಾಂಬಾ ನವಾವರಣ ಕೃತಿಗಳನ್ನು ಕೇಳಿ ತಲೆದೂಗದ ಸಂಗೀತಪ್ರಿಯರುಂಟೆ? ಅವುಗಳ ಕರ್ತೃ ಶ್ರೀ ಮುತ್ತುಸ್ವಾಮಿ ದೀಕ್ಷಿತರು 1775ರಲ್ಲಿ, ಆ ಕಮಲಾಂಬೆಯ ಕ್ಷೇತ್ರವಾದ ತಿರುವಾರೂರಿನಲ್ಲಿಯೇ ಜನಿಸಿದರು. ತಂದೆ ರಾಮಸ್ವಾಮಿ ದೀಕ್ಷಿತರು ಹಂಸಧ್ವನಿ ರಾಗದ ನಿರ್ಮಾತೃಗಳು.

ಯೌವನದಲ್ಲಿ ಚಿದಂಬರನಾಥ ಯೋಗಿಗಳೊಡನೆ ಕಾಶಿಗೆ ತೆರಳಿ ಕೆಲವು ವರ್ಷ ಅಲ್ಲಿಯೇ ನೆಲೆಸಿದರು. ಹಿಂದೂಸ್ಥಾನಿ ಗಾಯನದ ನಿಧಾನ ಗಾಂಭೀರ್ಯ ಅವರ ಕೃತಿಗಳಲ್ಲಿ ಇಳಿದುಬಂದುದು ಆ ವಾಸದ ಫಲವೆನ್ನಬೇಕು. ಮರಳಿದ ಮೇಲೆ ತಿರುತ್ತಣಿಯಲ್ಲಿ ಸುಬ್ರಹ್ಮಣ್ಯನ ಅನುಗ್ರಹವಾಯಿತೆಂದು ಸಂಪ್ರದಾಯ. ‘ಗುರುಗುಹ’ ಅವರ ಅಂಕಿತ. ಮದರಾಸಿನ ಪರಿಸರದಲ್ಲಿ ಕಿವಿಗೆ ಬಿದ್ದ ಆಂಗ್ಲರ ಮಟ್ಟುಗಳನ್ನೂ ಅವರು ದೂರವಿಡಲಿಲ್ಲ. ಇಂಗ್ಲೆಂಡಿನ ರಾಜಗೀತೆಯ ಧಾಟಿಯೇ ಅವರ ಸಂಸ್ಕೃತ ಸಾಹಿತ್ಯದಿಂದ ದೇವತಾಸ್ತುತಿಯಾಯಿತು! ತಮ್ಮ ಬಾಲುಸ್ವಾಮಿಯಂತೂ ಪಿಟೀಲನ್ನು ಕಲಿತು ನಮ್ಮ ಸಂಗೀತಕ್ಕೆ ಒಗ್ಗಿಸಿದರು.

ಹೊರನಾಡಿನಲ್ಲಿರುವ ನಾವು ನೆನೆಯಬೇಕಾದ ಸಂಗತಿಯೊಂದುಂಟು. ದೀಕ್ಷಿತರು ನಿಷ್ಠೆಯಿಂದ ಅನುಸರಿಸಿದ ರಾಗಪದ್ಧತಿ ವೆಂಕಟಮಖಿಯ ಪರಂಪರೆಯದು. ಆ ವೆಂಕಟಮಖಿ, ತಂಜಾವೂರಿನ ನಾಯಕರಿಗೆ ಮಂತ್ರಿಯಾಗಿದ್ದ ಕನ್ನಡಿಗ ಗೋವಿಂದ ದೀಕ್ಷಿತರ ಪುತ್ರ.

ಅರಸರನ್ನು ಸ್ತುತಿಸಿ ಧನ ಗಳಿಸುವ ಮನಸ್ಸು ದೀಕ್ಷಿತರಿಗಿರಲಿಲ್ಲ. ಊರೂರಿನ ದೇವಾಲಯಗಳನ್ನು ಸುತ್ತಿ ಆಯಾ ದೈವವನ್ನು ಹಾಡಿದರು. ಕೊನೆಗೆ ತಮ್ಮನಿದ್ದ ಎಟ್ಟಯಪುರವನ್ನು ಸೇರಿ, 1835ರ ನರಕಚತುರ್ದಶಿಯಂದು ಶಿಷ್ಯರ ಗಾಯನವನ್ನು ಆಲಿಸುತ್ತಲೇ ದೇಹತ್ಯಾಗ ಮಾಡಿದರೆಂದು ಹೇಳುವರು.

ಶಿಷ್ಯರ ಕಂಠದಲ್ಲಷ್ಟೇ ಉಳಿದಿದ್ದ ಆ ನಿಧಿ ಚದುರಿಹೋಗುವ ಭಯವಿತ್ತು. ಬಾಲುಸ್ವಾಮಿಯ ದೌಹಿತ್ರರೂ ದತ್ತುಪುತ್ರರೂ ಆದ ಸುಬ್ಬರಾಮ ದೀಕ್ಷಿತರು 1904ರಲ್ಲಿ ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಇನ್ನೂರಕ್ಕೂ ಮಿಕ್ಕ ಕೃತಿಗಳನ್ನು ಸ್ವರಸಹಿತ ಅಚ್ಚು ಹಾಕಿಸಿದರು. ಗ್ರಂಥ ಹೊರಬಂದುದು ಅದೇ ಎಟ್ಟಯಪುರದಿಂದ.