ರೆವರೆಂಡ್ ಬೆಂಜಮಿನ್ ರೈಸ್: ಬೆಂಗಳೂರು ಪೇಟೆಯಲ್ಲಿ ಪ್ರಾರ್ಥನೆ, ಪಶ್ಚಾತ್ತಾಪ ಮತ್ತು ಕೃಪೆಯ ಕನ್ನಡ

ರೈಸ್ ಎಂಬ ಹೆಸರನ್ನು ಕೇಳಿದೊಡನೆ ಕನ್ನಡ ಅಧ್ಯಯನಕಾರರ ನೆನಪಿಗೆ ಬರುವುದು ಎಪಿಗ್ರಾಫಿಯಾ ಕರ್ನಾಟಿಕದ ಸಂಪಾದಕ ಬಿ. ಎಲ್. ರೈಸ್ ಅವರು. ಅವರ ತಂದೆ ರೆವರೆಂಡ್ ಬೆಂಜಮಿನ್ ರೈಸ್ (1814-1887) ಅವರನ್ನು ಮಗನ ಪರಿಚಯದ ಮೊದಲ ವಾಕ್ಯದಲ್ಲಿ ಸ್ಮರಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಶಾಸನಗಳ ಮಹತ್ವದ ಮುಂದೆ ಒಬ್ಬ ಪಾದ್ರಿಯ ಬೋಧನೆ ಮಸುಕಾಗಿ ಕಂಡದ್ದು ಸಹಜವೇ. ಆದರೆ ಅರ್ಧ ಶತಮಾನ ಕಾಲ ಬೆಂಗಳೂರಿನ ಪೇಟೆಯ ಜನರಿಗೆ ಪಾಪ, ಪಶ್ಚಾತ್ತಾಪ, ಕ್ಷಮೆ, ಕೃಪೆ ಎಂಬ ವಿಷಯಗಳನ್ನು ಕನ್ನಡದಲ್ಲಿಯೇ ಹೇಳಲು ಹೆಣಗಿದ ವ್ಯಕ್ತಿಯೊಬ್ಬನ ಜೀವನವು ಭಾಷೆಯ ಚರಿತ್ರೆಗೂ ಸಂಬಂಧಪಟ್ಟದ್ದಾಗಿದೆ.

ಲಂಡನ್ ಮಿಷನರಿ ಸೊಸೈಟಿಯ ಸೇವೆಗೆ ಸೇರಿದ ರೈಸ್ ಅವರು 1837ರಲ್ಲಿ ಪತ್ನಿ ಜೇನ್ ಅವರೊಡನೆ ಬೆಂಗಳೂರಿಗೆ ಬಂದರು. ಅದೇ ವರ್ಷದ ಜುಲೈ ತಿಂಗಳಲ್ಲಿ ಮಗ ಬೆಂಜಮಿನ್ ಲೂಯಿಸ್ ಜನಿಸಿದನು. ಮೈಸೂರು ಸೀಮೆಯ ಆಡಳಿತ ಆಗ ಬ್ರಿಟಿಷ್ ಕಮಿಷನರರ ಕೈಯಲ್ಲಿದ್ದಿತು. ಮಾರ್ಕ್ ಕಬ್ಬನ್ ಅವರು ಅಧಿಕಾರದಲ್ಲಿದ್ದರು. ಊರು ಎರಡಾಗಿ ಒಡೆದಿತ್ತು. ದಂಡಿನ ಪ್ರದೇಶದಲ್ಲಿ ತಮಿಳು, ಇಂಗ್ಲಿಷ್‌ಗಳ ಚಲಾವಣೆ. ಕೋಟೆಯ ಉತ್ತರಕ್ಕಿದ್ದ ಪೇಟೆಯಲ್ಲಿ ಕನ್ನಡ. ಸೊಸೈಟಿಯ ಕೆಲಸ 1820ರಲ್ಲಿಯೇ ಬೆಂಗಳೂರಿನಲ್ಲಿ ಆರಂಭವಾಗಿದ್ದರೂ ಅದು ಬೇರೂರಿದ್ದು ದಂಡಿನಲ್ಲಿ. ರೈಸ್ ಅವರ ಪಾಲಿಗೆ ಬಂದದ್ದು ಕನ್ನಡದ ಪೇಟೆ. ಇಂದು ಮೆಜೆಸ್ಟಿಕ್ ಎಂದು ಕರೆಯುವ ಭಾಗದಲ್ಲಿ ಅಂದು ಧರ್ಮಾಂಬುಧಿ ಕೆರೆಯಿದ್ದಿತು. ಮೆಜೆಸ್ಟಿಕ್ ಎಂಬ ಹೆಸರಾದರೋ ಬಹುಕಾಲದ ನಂತರ ಚಿತ್ರಮಂದಿರವೊಂದರಿಂದ ಬಂದದ್ದು. ಆ ಕೆರೆಗೂ ಕೋಟೆಗೂ ನಡುವಿನ ದೊಡ್ಡಪೇಟೆಯ ಬೀದಿಯೇ ಈಗಿನ ಅವೆನ್ಯೂ ರಸ್ತೆ. ಸೊಸೈಟಿಯ ಕನ್ನಡ ಪ್ರಾರ್ಥನಾಮಂದಿರ ಇದ್ದದ್ದು ಈ ಬೀದಿಯಲ್ಲಿ, ಅಂಗಡಿಸಾಲುಗಳ ಮಧ್ಯೆ.

ಲಂಡನ್ ಮಿಷನ್ನಿನವರು ಬಹುಮಟ್ಟಿಗೆ ಕಾಂಗ್ರಿಗೇಶನಲ್ ಪಂಥದವರು. ಆಂಗ್ಲಿಕನ್ನರಂತೆ ಅಚ್ಚಾದ ಪ್ರಾರ್ಥನಾಪುಸ್ತಕವನ್ನು ಅವಲಂಬಿಸುವ ಪದ್ಧತಿ ಇವರದಲ್ಲ. ಬೋಧಕನು ಸಭೆಯ ಮುಂದೆ ನಿಂತು, ಆ ದಿನದ ಅಗತ್ಯಕ್ಕೆ ತಕ್ಕಂತೆ, ಆ ಕ್ಷಣದಲ್ಲಿ ಒದಗಿದ ಮಾತಿನಲ್ಲಿಯೇ ದೇವರನ್ನು ಕುರಿತು ಪ್ರಾರ್ಥಿಸಬೇಕು. ಕಲಿತ ಭಾಷೆಯಲ್ಲಿ ಉಪದೇಶ ಮಾಡುವುದಕ್ಕಿಂತ ಇದು ಕಷ್ಟತರವಾದುದು. ಉಪದೇಶವನ್ನು ಪಂಡಿತರಿಂದ ತಿದ್ದಿಸಿಕೊಳ್ಳಬಹುದು. ಪ್ರಾರ್ಥನೆಯನ್ನು ತಿದ್ದಿಸಿಕೊಂಡು ಬರುವಂತಿಲ್ಲ. ಕನ್ನಡವು ಇಲ್ಲಿ ಒಂದು ಸೌಕರ್ಯವನ್ನು ಮೊದಲೇ ಒದಗಿಸಿತ್ತು. ಹಿರಿಯರನ್ನು ಬಹುವಚನದಲ್ಲಿ ಕರೆಯುವ ಭಾಷೆಯೇ ದೇವರನ್ನು ಏಕವಚನದಲ್ಲಿ ಕರೆಯುವ ಸಲಿಗೆಯನ್ನು ಶರಣರ, ದಾಸರ ರಚನೆಗಳಲ್ಲಿ ಬೆಳೆಸಿಕೊಂಡಿದ್ದಿತು. ಕನ್ನಡ ಕ್ರೈಸ್ತರ ಪ್ರಾರ್ಥನೆಯೂ ‘ನೀನು’ ಎಂದೇ ಸಂಬೋಧಿಸುತ್ತದೆ. ಯೇಸುವಿನ ಕುರಿತಾದ ನಿರೂಪಣೆಯಲ್ಲಿ ಹಳೆಯ ಅನುವಾದಗಳ ಏಕವಚನ ಕೆಲವು ಹೊಸ ಅನುವಾದಗಳಲ್ಲಿ ಗೌರವವಾಚಕವಾಯಿತಾದರೂ ಪ್ರಾರ್ಥನೆಯ ‘ನೀನು’ ಮಾತ್ರ ಬದಲಾಗಲಿಲ್ಲ.

ಕನ್ನಡ ಬೈಬಲಿನ ಪರಿಷ್ಕರಣೆ ರೈಸ್ ಅವರ ಜೀವನದ ಅತಿ ಮುಖ್ಯ ಕಾರ್ಯಗಳಲ್ಲೊಂದು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಹಾಗೂ ವಿಲಿಯಂ ರೀವ್ ಅವರ ಶ್ರಮದಿಂದ 1830ರ ದಶಕದ ಆರಂಭಕ್ಕೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತ್ತು. ಈ ಮೊದಲ ಪ್ರಯತ್ನ ಎಷ್ಟೇ ಸಾಹಸದ್ದಾದರೂ ಅದರ ಕನ್ನಡ ಮುಂದಿನ ತಲೆಮಾರಿನವರಿಗೆ ತೃಪ್ತಿ ನೀಡಲಿಲ್ಲ. ಶತಮಾನದ ನಡುಭಾಗದಲ್ಲಿ ಲಂಡನ್ ಮಿಷನ್ನಿನ ರೈಸ್ ಮತ್ತು ಕಾಲಿನ್ ಕ್ಯಾಂಪ್‌ಬೆಲ್, ವೆಸ್ಲಿಯನ್ ಮಿಷನ್ನಿನ ಡೇನಿಯಲ್ ಸ್ಯಾಂಡರ್ಸನ್, ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರು ಪರಿಷ್ಕರಣೆಯಲ್ಲಿ ತೊಡಗಿದರು. ವೈಗ್ಲೆ 1855ರಲ್ಲಿ, ಕೆಲಸ ಮುಗಿಯುವ ಮೊದಲೇ, ತೀರಿಕೊಂಡರು. ಮೂರು ಬೇರೆ ಬೇರೆ ಮಿಷನ್‌ಗಳವರು ಒಂದೇ ಪಠ್ಯಕ್ಕಾಗಿ ದುಡಿದದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. ಇವರೊಡನೆ ಕುಳಿತು ಸರಿತಪ್ಪುಗಳನ್ನು ತಿಳಿಸಿದ ಕನ್ನಡ ಮುನ್ಷಿಗಳ ಪಾಲನ್ನು ಮಿಷನ್ನಿನ ಚರಿತ್ರೆಗಳು ಗುರುತಿಸಿದ್ದು ತೀರ ಕಡಿಮೆ ಎಂಬುದನ್ನೂ ಇಲ್ಲಿ ಹೇಳಬೇಕು.

ಪರಿಷ್ಕರಣಕಾರರ ಎದುರಿಗಿದ್ದ ತೊಡಕು ಎಂತಹುದೆಂಬುದಕ್ಕೆ ಪಶ್ಚಾತ್ತಾಪದ ಪರಿಕಲ್ಪನೆಯೊಂದನ್ನೇ ನೋಡಬಹುದು. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ಇದಕ್ಕೆ ಬಳಕೆಯಾಗಿರುವುದು ‘ಮೆಟನೋಯಿಯ’ ಎಂಬ ಪದ. ಮನಸ್ಸು ಬೇರೆಯಾಗುವುದು ಎಂದು ಅದರ ಅರ್ಥ. ಹಳೆಯ ಒಡಂಬಡಿಕೆಯ ಹೀಬ್ರೂ ಪದವಾದ ‘ಶೂವ್’ ಎಂಬುದಕ್ಕೆ ಹಿಂದಿರುಗು, ತಿರುಗಿಕೊಳ್ಳು ಎಂಬ ಅರ್ಥವಿದೆ. ಕನ್ನಡದಲ್ಲಿ ಸಿದ್ಧವಾಗಿ ದೊರೆಯುತ್ತಿದ್ದ ಪದಗಳು ಎರಡು. ‘ಪ್ರಾಯಶ್ಚಿತ್ತ’ವೆಂದರೆ ಪೇಟೆಯ ಜನರಿಗೆ ಪುರೋಹಿತನು ವಿಧಿಸುವ ಕರ್ಮ: ಸ್ನಾನ, ದಾನ, ಉಪವಾಸ, ದಂಡ. ಅದನ್ನು ಮಾಡಿ ಮುಗಿಸಿದರೆ ದೋಷ ಕಳೆಯುತ್ತದೆ. ಮನಸ್ಸು ಬದಲಾಗಲೇಬೇಕೆಂಬ ನಿರ್ಬಂಧವಿಲ್ಲ. ‘ಪಶ್ಚಾತ್ತಾಪ’ವೆಂದರೆ ಮಾಡಿದ ಮೇಲಿನ ಬೇಗೆ. ಆದರೆ ಬೇಗೆ ತಿರುವಲ್ಲ. ಮತ್ತಾಯನ ಸುವಾರ್ತೆಯಲ್ಲಿ ಗುರುವನ್ನು ಹಿಡಿದುಕೊಟ್ಟ ಯೂದನಿಗೆ ಉಂಟಾದ ಪರಿತಾಪವನ್ನು ಹೇಳುವಾಗ ಗ್ರೀಕ್ ಪಠ್ಯ ‘ಮೆಟನೋಯಿಯ’ವನ್ನು ಬಿಟ್ಟು ಬೇರೊಂದು ಪದವನ್ನು ಬಳಸುತ್ತದೆ, ಅವನು ಬೆಂದನು, ಆದರೆ ಹಿಂದಿರುಗಲಿಲ್ಲ. ಕನ್ನಡ ಕ್ರೈಸ್ತ ಬಳಕೆಯಲ್ಲಿ ನೆಲೆಯೂರಿದ ‘ಮಾನಸಾಂತರ’ ಎಂಬ ಪದವೂ ‘ದೇವರ ಕಡೆಗೆ ತಿರುಗಿಕೊಳ್ಳುವುದು’ ಎಂಬ ಪದಪುಂಜವೂ ಈ ತೊಡಕಿಗೆ ದೊರೆತ ಎರಡು ಪರಿಹಾರಗಳು. ಮೊದಲನೆಯದು ಗ್ರೀಕ್ ಪದದ ಸಂಸ್ಕೃತ ಪ್ರತಿರೂಪ, ಎರಡನೆಯದು ಹೀಬ್ರೂ ಕ್ರಿಯೆಯ ಅಚ್ಚಗನ್ನಡ ರೂಪ. ಬೀದಿಯ ಬೋಧನೆಗೆ ಎರಡನೆಯದೇ ಹೆಚ್ಚು ಒಗ್ಗುವಂಥದ್ದೆಂದು ತೋರುತ್ತದೆ.

ಕೃಪೆಯ ವಿಷಯದಲ್ಲಿ ತೊಡಕು ಬೇರೆಯದು. ಅಲ್ಲಿ ಪದಗಳು ಇಲ್ಲದೆ ಅಲ್ಲ, ಹೆಚ್ಚಾಗಿ ತೊಡಕಾಯಿತು. ಕೃಪೆ, ಕರುಣೆ, ದಯೆ, ಕನಿಕರ, ಪ್ರಸಾದ, ಇವೆಲ್ಲ ಕನ್ನಡ ಭಕ್ತಿಪರಂಪರೆಯಲ್ಲಿ ಹಣ್ಣಾದ ಪದಗಳು. ಪ್ರಾಟೆಸ್ಟೆಂಟರು ಅರ್ಹತೆಯಿಲ್ಲದವನಿಗೆ ದೊರೆಯುವ ದೇವರ ಅನುಗ್ರಹಕ್ಕೆ ‘ಕೃಪೆ’ಯನ್ನೂ, ಸಂಕಟದಲ್ಲಿರುವವನ ಮೇಲಿನ ಮರುಕಕ್ಕೆ ‘ಕರುಣೆ’, ‘ಕನಿಕರ’ಗಳನ್ನೂ ಬಹುಮಟ್ಟಿಗೆ ಉಳಿಸಿಕೊಂಡರು. ಕನ್ನಡ ಕಥೋಲಿಕರ ಪ್ರಾರ್ಥನೆಯಲ್ಲಿ ಮೊದಲನೆಯದಕ್ಕೆ ‘ವರಪ್ರಸಾದ’ ಎಂಬ ಪದವಿದೆ. ಒಂದೇ ಧರ್ಮದ ಎರಡು ಶಾಖೆಗಳು ಒಂದೇ ಭಾಷೆಯಲ್ಲಿ ಬೇರೆ ಬೇರೆ ಪದಗಳಿಂದ ದೇವರ ದಯೆಯನ್ನು ಬೇಡುತ್ತ ಬಂದಿರುವುದು ಸಾಮಾಜಿಕ ಭಾಷಾವಿಜ್ಞಾನಕ್ಕೆ ಒಳ್ಳೆಯ ವಸ್ತು.

ಪದ ದೊರೆತ ಮಾತ್ರಕ್ಕೆ ಕೇಳುವವನು ದೊರೆಯುವುದಿಲ್ಲ. ಲೂಕನ ಸುವಾರ್ತೆಯ ದುಂದುಗಾರ ಮಗನ ಕಥೆಯನ್ನು ಅವಿಭಕ್ತ ಕುಟುಂಬಗಳ ದೊಡ್ಡಪೇಟೆಯಲ್ಲಿ ಇಟ್ಟು ನೋಡಬೇಕು. ತಂದೆ ಬದುಕಿರುವಾಗಲೇ ಕಿರಿಯ ಮಗ ಪಾಲು ಕೇಳುವುದು, ಅದನ್ನು ಹಾಳುಮಾಡಿಕೊಂಡು ಹಂದಿ ಕಾಯುವ ಸ್ಥಿತಿಗೆ ಬರುವುದು, ಹಿಂದಿರುಗಿದವನನ್ನು ಮುದುಕನಾದ ತಂದೆಯೇ ಓಡಿಬಂದು ತಬ್ಬಿಕೊಳ್ಳುವುದು, ಇವುಗಳಲ್ಲಿ ಪಾಲಿನ ಜಗಳ ಇಲ್ಲಿಯ ವರ್ತಕರಿಗೆ ಯಾರೂ ವಿವರಿಸಬೇಕಾದದ್ದಲ್ಲ. ಕ್ಷಮೆಯ ಭಾಗ ಹಾಗಲ್ಲ. ಹಂದಿಯ ಸಹವಾಸ ಮಾಡಿದ ಮಗನನ್ನು ಕುಲ ಕೇಳದೆ, ಶುದ್ಧಿ ಮಾಡದೆ ಒಳಗೆ ಕರೆದುಕೊಳ್ಳುವ ತಂದೆ ಅವರ ದೃಷ್ಟಿಯಲ್ಲಿ ಜಾತಿಯ ಕಟ್ಟನ್ನು ಮುರಿದವನು. ಮನೆಯಲ್ಲಿಯೇ ಉಳಿದ ಹಿರಿಯ ಮಗನ ಕೋಪ ಅವರಿಗೆ ನ್ಯಾಯವಾಗಿಯೇ ಕಂಡಿದ್ದರೆ ಆಶ್ಚರ್ಯವಿಲ್ಲ.

ವಾಸ್ತವ ಜೀವನದಲ್ಲಿ ಈ ಕಥೆ ತಲೆಕೆಳಗಾಗುತ್ತಿತ್ತು. ದೇವರ ಕಡೆಗೆ ತಿರುಗಿಕೊಂಡ ತರುಣನು ತಂದೆಯ ಮನೆಯನ್ನು ಕಳೆದುಕೊಳ್ಳುತ್ತಿದ್ದನು. ದೀಕ್ಷಾಸ್ನಾನ ಪಡೆದವನಿಗೆ ಜಾತಿ, ಮನೆ, ಹಲವು ವೇಳೆ ಹೆಂಡತಿ ಮಕ್ಕಳು ಕೂಡ ಇಲ್ಲವಾಗುತ್ತಿದ್ದರು. ಮತ ಬಿಟ್ಟವನ ಆಸ್ತಿಯ ಹಕ್ಕನ್ನು ಕಾಪಾಡಲು 1850ರಲ್ಲಿ ಬಂದ ಕಾಯಿದೆ ಕಂಪನಿಯ ಅಧೀನದ ಪ್ರಾಂತ್ಯಗಳಿಗಾಗಿ ರಚಿತವಾದದ್ದು. ಮೈಸೂರು ಸೀಮೆಯಲ್ಲಿ ಆ ಪ್ರಶ್ನೆ ತೊಡಕಾಗಿಯೇ ಉಳಿಯಿತು. ಪಶ್ಚಾತ್ತಾಪಕ್ಕೆ ಕರೆ ಕೊಡುವ ಬೋಧಕನು ಎದುರಿಗಿದ್ದವನಿಂದ ಏನನ್ನು ಕೇಳುತ್ತಿದ್ದನೆಂಬುದು ಇದರಿಂದ ವ್ಯಕ್ತವಾಗುತ್ತದೆ. ಪೇಟೆಯಲ್ಲಿ ಮತಾಂತರಗಳು ವಿರಳವಾಗಿದ್ದುದಕ್ಕೆ ಬೋಧನೆಯ ದೋಷವನ್ನು ಹುಡುಕುವುದಕ್ಕಿಂತ ಈ ಬೆಲೆಯನ್ನು ಲೆಕ್ಕ ಹಾಕುವುದು ಉಚಿತ.

ಶಾಲೆಗಳ ಕಥೆಯನ್ನು ಸಂಕ್ಷೇಪವಾಗಿ ಹೇಳಬಹುದು. 1840ರ ದಶಕದಲ್ಲಿ ಶ್ರೀಮತಿ ರೈಸ್ ಹಾಗೂ ಶ್ರೀಮತಿ ಸ್ಯೂವೆಲ್ ಅವರು ಕನ್ನಡ ಹೆಣ್ಣುಮಕ್ಕಳಿಗಾಗಿ ನಡೆಸಿದ ಶಾಲೆ ನಗರದ ಸ್ತ್ರೀಶಿಕ್ಷಣದ ಮೊದಲ ಹೆಜ್ಜೆಗಳಲ್ಲಿ ಒಂದು. ಬೋಧನೆಯನ್ನು ನಿರಾಕರಿಸಿದ ಪೇಟೆ ಓದುಬರಹವನ್ನು ನಿಧಾನವಾಗಿ ಸ್ವೀಕರಿಸಿತು.

1876-78ರ ಬರಗಾಲ ಬಂದಾಗ ರೈಸ್ ಅವರು ಅರವತ್ತು ದಾಟಿದ್ದರು. 1871ರ ಜನಗಣತಿಯಲ್ಲಿ ಸುಮಾರು 50 ಲಕ್ಷವಿದ್ದ ಮೈಸೂರು ಸೀಮೆಯ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ದೇವರ ಕರುಣೆಯನ್ನು ಕುರಿತು ನಾಲ್ಕು ದಶಕ ಮಾತನಾಡಿದ್ದವರಿಗೆ ಆ ಮೂರು ವರ್ಷಗಳಲ್ಲಿ ಉಪದೇಶಕ್ಕಿಂತ ಗಂಜಿಯೇ ಮೊದಲಾಗಿರಬೇಕು. ಅನಾಥ ಮಕ್ಕಳಿಗೆ ಆಶ್ರಯ ಕೊಟ್ಟ ಮಿಷನ್‌ಗಳ ಮೇಲೆ, ಹಸಿವನ್ನು ಮತಾಂತರಕ್ಕೆ ಬಳಸಿಕೊಂಡವೆಂಬ ಆಕ್ಷೇಪ ಅಂದಿನಿಂದಲೂ ಇದೆ. ಅದನ್ನು ತಳ್ಳಿಹಾಕುವುದು ಸುಲಭವಲ್ಲ. ಆ ಮಕ್ಕಳು ಬದುಕಿದರೆಂಬುದನ್ನು ಮರೆಯುವುದೂ ಸರಿಯಲ್ಲ.

1881ರಲ್ಲಿ ರಾಜ್ಯ ಒಡೆಯರಿಗೆ ಮರಳಿತು. ಧರ್ಮಾಂಬುಧಿ ಕೆರೆಯ ಸಮೀಪಕ್ಕೆ ಮೈಸೂರಿನ ರೈಲುಮಾರ್ಗ ಬಂದಿತು. ರೈಸ್ ಅವರು 1887ರಲ್ಲಿ, ಸೇವೆಯ ಐವತ್ತು ವರ್ಷ ತುಂಬಿದ ಹೊತ್ತಿಗೆ, ಬೆಂಗಳೂರಿನಲ್ಲಿಯೇ ನಿಧನ ಹೊಂದಿದರು. ಹಿರಿಯ ಮಗನ ಶಾಸನಸಂಪುಟಗಳು ಅದಕ್ಕೆ ಸ್ವಲ್ಪ ಮುಂಚೆ ಹೊರಬರತೊಡಗಿದ್ದವು. ತಂದೆಯಂತೆಯೇ ಲಂಡನ್ ಮಿಷನ್ನಿಗೆ ಸೇರಿದ ಇನ್ನೊಬ್ಬ ಮಗ ಎಡ್ವರ್ಡ್ ಪೀಟರ್ ರೈಸ್ ಅವರು ತಂದೆಯ ಜೀವನಚರಿತ್ರೆಯನ್ನು ಬರೆದರು. 1915ರಲ್ಲಿ ಕನ್ನಡ ಸಾಹಿತ್ಯ ಚರಿತ್ರೆಯೊಂದನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದವರೂ ಅವರೇ.

ದೊಡ್ಡಪೇಟೆಯ ಹಳೆಯ ಪ್ರಾರ್ಥನಾಮಂದಿರ 1912ರ ಸುಮಾರಿಗೆ ಶಿಥಿಲಗೊಂಡು ಕುಸಿಯತೊಡಗಿತು. ಅದೇ ನಿವೇಶನದಲ್ಲಿ ಕಟ್ಟಿದ ಹೊಸ ದೇವಾಲಯ 1917ರ ಜನವರಿಯಲ್ಲಿ ಪ್ರತಿಷ್ಠಿತವಾಯಿತು. ಅದಕ್ಕೆ ರೈಸ್ ಸ್ಮಾರಕ ದೇವಾಲಯವೆಂದು ಹೆಸರಿಟ್ಟರು. 1947ರಲ್ಲಿ ದಕ್ಷಿಣ ಭಾರತ ಸಭೆ ರೂಪುಗೊಂಡಾಗ ಲಂಡನ್ ಮಿಷನ್ನಿನ ಸಭೆಗಳು ಅದರಲ್ಲಿ ಸೇರಿಹೋದವು. ಪುಸ್ತಕದ ಅಂಗಡಿಗಳ ಸಾಲಿನ ನಡುವೆ ಆ ಕಟ್ಟಡ ಇಂದಿಗೂ ಇದೆ.