ಭಾಸ್ಕರಾಚಾರ್ಯನಿಗೆ ನಮ್ಮ ಸುಳ್ಳು ಬೇಕಿಲ್ಲ

ಈಚೆಗೆ ಅಕ್ಕನ ಮಗನನ್ನು ಕರೆದುಕೊಂಡು ಮೊಳಕಾಲ್ಮೂರು ತಾಲ್ಲೂಕಿನ ಜಟಿಂಗ ರಾಮೇಶ್ವರ ಬೆಟ್ಟ ಹತ್ತಿದ್ದೆ. ರಾವಣನ ಜೊತೆ ಕಾದಾಡಿ ರೆಕ್ಕೆ ಕಳೆದುಕೊಂಡ ಜಟಾಯು ಬಿದ್ದಿದ್ದು ಇಲ್ಲೇ ಅನ್ನೋದು ಸ್ಥಳಪುರಾಣ. ಆರನೇ ಕ್ಲಾಸಿನ ಹುಡುಗ ಕಥೆ ಒಪ್ಪಿಕೊಂಡ, ಆದರೆ ಒಂದು ತಕರಾರು ತೆಗೆದ. ರೆಕ್ಕೆ ಹೋಯಿತು ಸರಿ ಮಾವ, ಕೆಳಕ್ಕೇ ಯಾಕೆ ಬೀಳಬೇಕು ಅಂತ.

ನಾನು ಹಿಂದೆಮುಂದೆ ನೋಡದೆ ಹೇಳಿಬಿಟ್ಟೆ. ಅದು ಗುರುತ್ವಾಕರ್ಷಣೆ ಕಣೋ, ನ್ಯೂಟನ್‌ಗಿಂತ ಐನೂರು ವರ್ಷ ಮೊದಲೇ ನಮ್ಮ ಭಾಸ್ಕರಾಚಾರ್ಯ ಕಂಡುಹಿಡಿದಿದ್ದ ಅಂತ. ವಾಟ್ಸಾಪಿನಲ್ಲಿ ಓದಿದ್ದ ಮಾತು. ನಾಲ್ಕು ಗ್ರೂಪಿಗೆ ಫಾರ್ವರ್ಡ್ ಮಾಡಿದವನೂ ನಾನೇ. ಹುಡುಗ ಬಿಡಲಿಲ್ಲ. ಅವರು ಏನಂತ ಬರೆದಿದ್ದರು ಅಂತ ಕೇಳಿದ. ನನ್ನ ಬಾಯಿ ಕಟ್ಟಿತು. ಮನೆಗೆ ಬಂದು ಓದಲು ಕೂತೆ.

ಭಾಸ್ಕರ ಹುಟ್ಟಿದ ವರ್ಷವನ್ನು ತಾನೇ ಬರೆದಿಟ್ಟಿದ್ದಾನೆ: ಶಕ 1036, ಅಂದರೆ ಕ್ರಿ.ಶ. 1114. ಊರು ಸಹ್ಯಾದ್ರಿ ಸೀಮೆಯ ವಿಜ್ಜಡವಿಡ. ಅದು ವಿಜಯಪುರವೇ ಅಂತ ಕರ್ನಾಟಕದಲ್ಲಿ ಬಹಳ ಜನ ನಂಬುತ್ತಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣ ಅನ್ನೋದು ಇನ್ನೊಂದು ವಾದ. ಮೊಮ್ಮಗ ಚಂಗದೇವ ತಾತನ ಗ್ರಂಥಗಳ ಪಾಠಕ್ಕಾಗಿ ಅಲ್ಲೊಂದು ಮಠ ಮಾಡಿದ್ದನ್ನು 1207ರ ಶಾಸನ ಹೇಳುತ್ತದೆ. ಕಲ್ಯಾಣದಲ್ಲಿ ಬಸವಣ್ಣ ಮತ್ತು ಶರಣರು ಜಾತಿಯ ಬುಡ ಅಲ್ಲಾಡಿಸಿದ ಶತಮಾನವೇ ಇವನದೂ. ತಂದೆ ಮಹೇಶ್ವರ ಜ್ಯೋತಿಷಿ, ಮಗನಿಗೆ ಗುರುವೂ ಅವನೇ.

36ನೇ ವಯಸ್ಸಿಗೆ, 1150ರಲ್ಲಿ, ಭಾಸ್ಕರ ಸಿದ್ಧಾಂತ ಶಿರೋಮಣಿ ಮುಗಿಸಿದ. ಅದರಲ್ಲಿ ನಾಲ್ಕು ಭಾಗ: ಅಂಕಗಣಿತಕ್ಕೆ ಲೀಲಾವತಿ, ಬೀಜಗಣಿತಕ್ಕೆ ಅದೇ ಹೆಸರಿನ ಭಾಗ, ಗ್ರಹಗಳ ಲೆಕ್ಕಕ್ಕೆ ಗ್ರಹಗಣಿತ, ಭೂಮಿ ಮತ್ತು ಖಗೋಳಕ್ಕೆ ಗೋಲಾಧ್ಯಾಯ. ಲೀಲಾವತಿ ಅವನ ಮಗಳು, ಜಲಗಡಿಯಾರಕ್ಕೆ ಮುತ್ತು ಬಿದ್ದು ಮದುವೆಯ ಮುಹೂರ್ತ ತಪ್ಪಿತು ಅನ್ನೋ ಕಥೆ ನಿಮಗೂ ಗೊತ್ತಿರಬಹುದು. ಆ ಕಥೆ ಭಾಸ್ಕರನ ಪುಸ್ತಕದಲ್ಲಿಲ್ಲ. ಅಕ್ಬರನ ಆಸ್ಥಾನದ ಫೈಜಿ 1587ರಲ್ಲಿ ಮಾಡಿದ ಪಾರ್ಸಿ ಅನುವಾದದಿಂದ ಅದು ನಮಗೆ ಬಂದಿದೆ. 69ನೇ ವಯಸ್ಸಿನಲ್ಲೂ ಅವನು ಸುಮ್ಮನಿರಲಿಲ್ಲ. 1183ರ ಲೆಕ್ಕಕ್ಕೆ ಕರಣಕುತೂಹಲ ಬರೆದ.

ಹುಡುಗನ ಪ್ರಶ್ನೆಗೆ ಉತ್ತರ ಇರೋದು ಗೋಲಾಧ್ಯಾಯದಲ್ಲಿ. ಭೂಮಿಯನ್ನು ಯಾರೋ ಹೊತ್ತಿದ್ದಾರೆ ಅನ್ನೋ ಮಾತನ್ನು ಭಾಸ್ಕರ ಒಪ್ಪುವುದಿಲ್ಲ. ಹೊತ್ತವರನ್ನು ಹೊರಲು ಇನ್ನೊಬ್ಬರು ಬೇಕು, ಅವರಿಗೆ ಮತ್ತೊಬ್ಬರು. ಕೊನೆಯವರು ತಮ್ಮ ಬಲದಲ್ಲೇ ನಿಲ್ಲೋದಾದರೆ ಭೂಮಿಯೇ ಹಾಗೆ ಯಾಕೆ ನಿಲ್ಲಬಾರದು ಅನ್ನೋದು ಅವನ ತರ್ಕ. ಭೂಮಿಗೆ ಸೆಳೆಯುವ ಶಕ್ತಿಯಿದೆ, ಆಕಾಶದಲ್ಲಿರುವ ಭಾರದ ವಸ್ತುವನ್ನು ಅದು ತನ್ನ ಕಡೆಗೆ ಎಳೆಯುತ್ತದೆ, ನಮಗೆ ಅದು ಬಿದ್ದಂತೆ ಕಾಣುತ್ತದೆ. ಸುತ್ತ ಸಮನಾಗಿ ಆಕಾಶವೇ ಇರುವಾಗ ಭೂಮಿ ಬೀಳುವುದಾದರೂ ಎಲ್ಲಿಗೆ? 12ನೇ ಶತಮಾನದ ಮಾತಿದು. ಓದಿ ಮೈ ಜುಮ್ಮೆಂದಿತು.

ಆದರೆ ಫಾರ್ವರ್ಡ್ ಹೇಳೋದು ಬೇರೆ. ಭೂಮಿ ಸೆಳೆಯುತ್ತದೆ ಅನ್ನೋ ಮಾತಿನಲ್ಲಿ ಭಾಸ್ಕರನೇ ಮೊದಲಿಗನಲ್ಲ. 628ರಲ್ಲಿ ಬ್ರಹ್ಮಸ್ಫುಟಸಿದ್ಧಾಂತ ಬರೆದ ಬ್ರಹ್ಮಗುಪ್ತ ಆ ದಾರಿ ಹಿಡಿದಿದ್ದ. ಭಾಸ್ಕರನ ಲೋಕದಲ್ಲಿ ಸೆಳೆಯೋದು ಭೂಮಿ ಮಾತ್ರ. ಕಲ್ಲು ಭೂಮಿಯನ್ನು ತಿರುಗಿ ಎಳೆಯೋದಿಲ್ಲ. ಚಂದ್ರ ಮತ್ತು ಗ್ರಹಗಳನ್ನು ಭೂಮಿಯ ಸುತ್ತ ಒಯ್ಯೋದು ಪ್ರವಹ ಅನ್ನೋ ಗಾಳಿ. ಭೂಮಿ ಸದಾ ಬೀಳುತ್ತಲೇ ಇದೆ ಅಂದ ಬೌದ್ಧರನ್ನೂ ಅವನು ತಳ್ಳಿಹಾಕಿದ. ಮೇಲೆಸೆದ ಕಲ್ಲು ಮರಳಿ ನೆಲಕ್ಕೆ ಬರೋದನ್ನು ಕಂಡೂ ಹಾಗೆ ಹೇಳ್ತೀರಲ್ಲ ಅನ್ನೋದು ಅವನ ಪ್ರಶ್ನೆ. ಇವತ್ತಿನ ಲೆಕ್ಕದಲ್ಲಿ ಭೂಮಿ ನಿಜವಾಗಿಯೂ ಸೂರ್ಯನ ಕಡೆಗೆ ಬೀಳುತ್ತಲೇ ಇದೆ. ಅಡ್ಡಕ್ಕೆ ಓಡುವ ವೇಗ ಇರೋದರಿಂದ ಸೂರ್ಯನಿಗೆ ಬಡಿಯದೆ ಸುತ್ತುತ್ತಿದೆ, ಅಷ್ಟೆ.

ಇದನ್ನು ಲೆಕ್ಕಕ್ಕೆ ಇಳಿಸಿದ್ದು 1687ರಲ್ಲಿ ನ್ಯೂಟನ್. ಪ್ರತಿಯೊಂದು ದ್ರವ್ಯರಾಶಿಯೂ ಇನ್ನೊಂದನ್ನು ಸೆಳೆಯುತ್ತದೆ. ದೂರ ಎರಡು ಪಟ್ಟಾದರೆ ಸೆಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಇದನ್ನು ಪರೀಕ್ಷೆ ಮಾಡಬಹುದು. ಬಿಟ್ಟ ಕಲ್ಲು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ಕೇಂದ್ರದಿಂದ ನಮಗಿಂತ 60 ಪಟ್ಟು ದೂರದ ಚಂದ್ರ ಅದರ 3600ನೇ ಒಂದು ಭಾಗ, ಅಂದರೆ ಸುಮಾರು 1.4 ಮಿಲಿಮೀಟರ್ ಬೀಳಬೇಕು. ಚಂದ್ರನ ದಾರಿ ಸೆಕೆಂಡಿಗೆ ಬಾಗೋದೂ ಅಷ್ಟೇ. 1798ರಲ್ಲಿ ಕ್ಯಾವೆಂಡಿಶ್ ಒಂದು ಕೋಣೆಯೊಳಗೆ ಸೀಸದ ಗುಂಡುಗಳ ನಡುವಿನ ಸೆಳೆತವನ್ನೇ ಅಳೆದ.

ಯಾಕೆ ಸೆಳೆಯುತ್ತದೆ ಅನ್ನೋದಕ್ಕೆ ನ್ಯೂಟನ್ ಬಳಿಯೂ ಉತ್ತರ ಇರಲಿಲ್ಲ, ಅದನ್ನು ಅವನೇ ಒಪ್ಪಿಕೊಂಡ. 1915ರಲ್ಲಿ ಐನ್‌ಸ್ಟೈನ್ ಹೇಳಿದ್ದು ಇಷ್ಟು: ದ್ರವ್ಯರಾಶಿ ತನ್ನ ಸುತ್ತಲಿನ ದೇಶಕಾಲವನ್ನೇ ಬಾಗಿಸುತ್ತದೆ, ಬೀಳುವ ವಸ್ತು ಆ ಬಾಗಿನಲ್ಲಿ ಸಿಗುವ ನೇರ ದಾರಿ ಹಿಡಿಯುತ್ತದೆ. ಹಾಗೆ ಬಾಗಿಸೋದು ಯಾಕೆ ಅನ್ನೋ ಪ್ರಶ್ನೆ ಇನ್ನೂ ಉಳಿದಿದೆ.

ಇಷ್ಟು ತಿಳಿದ ಮೇಲೆ ಭಾಸ್ಕರ ನನಗೆ ಚಿಕ್ಕವನಾಗಲಿಲ್ಲ. ಹಿಂದಿನವರನ್ನು ಓದಿ, ಒಪ್ಪದ್ದನ್ನು ಹೆಸರಿಟ್ಟು ಪ್ರಶ್ನಿಸಿ, ತನ್ನ ಶ್ಲೋಕಕ್ಕೆ ತಾನೇ ಭಾಷ್ಯ ಬರೆದು ಕಾರಣ ಕೊಟ್ಟವನು ಅವನು. ಅಂಥವನನ್ನು ಫಾರ್ವರ್ಡಿನ ಪ್ರತಿಮೆ ಮಾಡಿದ್ದು ನಾವು. ಅವನ ಹೆಸರು ಹಿಡಿದು ಎದೆ ತಟ್ಟಿಕೊಳ್ಳುವವರು ಗೋಲಾಧ್ಯಾಯದ ಒಂದು ಪುಟ ತೆರೆದಿರೋದಿಲ್ಲ. ನಾನೂ ತೆರೆದಿರಲಿಲ್ಲ. ಓದದೆ ಹೆಮ್ಮೆಪಡೋದನ್ನು ರೂಢಿ ಮಾಡಿಕೊಂಡರೆ, ನಾಳೆ ಯಾರು ಯಾವ ಸುಳ್ಳನ್ನು ನಮ್ಮ ಹೆಮ್ಮೆಯ ಹೆಸರಲ್ಲಿ ಕೊಟ್ಟರೂ ನುಂಗುತ್ತೇವೆ.

ಜಟಿಂಗ ರಾಮೇಶ್ವರದ ಬಂಡೆಯ ಮೇಲೆ ಅಶೋಕನ ಶಾಸನವಿದೆ, 1892ರಲ್ಲಿ ಬಿ.ಎಲ್. ರೈಸ್ ಅದನ್ನು ಪತ್ತೆಹಚ್ಚಿದ. ಅಕ್ಷರ ಬಹಳ ಸವೆದಿದೆ. ಹತ್ತಿರದ ಬ್ರಹ್ಮಗಿರಿಯ ಪ್ರತಿಯಲ್ಲಿ ಅದೇ ಮಾತು ಓದಲು ಸಿಗುತ್ತದೆ: ತಂದೆತಾಯಿಯ ಮಾತು ಕೇಳಬೇಕು, ಜೀವಿಗಳಲ್ಲಿ ದಯೆ ಇರಬೇಕು, ಸತ್ಯ ಹೇಳಬೇಕು.

ಅದೇ ನಾಲ್ಕು ಗ್ರೂಪಿಗೆ ತಿದ್ದುಪಡಿ ಕಳಿಸಿದೆ. ಒಂದರಿಂದ ನನ್ನನ್ನು ತೆಗೆದರು. ಹುಡುಗನಿಗೆ ಫೋನ್ ಮಾಡಿ, ಬೀಳುವ ಜಟಾಯುವನ್ನು ಭೂಮಿ ಎಷ್ಟು ಬಲದಿಂದ ಎಳೆಯಿತೋ ಅಷ್ಟೇ ಬಲದಿಂದ ಜಟಾಯುವೂ ಭೂಮಿಯನ್ನು ಎಳೆದಿರಬೇಕು ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಹಾಗಾದರೆ ಭೂಮಿ ಯಾಕೆ ಮೇಲೆ ಬರಲಿಲ್ಲ ಮಾವ ಅಂತ ಕೇಳಿದ. ಬಂತು ಕಣೋ, ಭೂಮಿ ಅಷ್ಟು ಭಾರ ಇರೋದರಿಂದ ಅಳೆಯೋಕೆ ಸಿಗದಷ್ಟು ಚೂರು ಬಂತು ಅಂದೆ. ಈ ಸಲ ಓದಿ ಹೇಳಿದ್ದೆ.